ಡಿಸ್ಕಿನ ಮೂಲೆ ನುಂಗಿದವನು

ನನ್ನ ಮಗಳಿಗೆ ಆ ಕಂಪನಿಯಲ್ಲಿ ಕೆಲಸ ಖಾಯಂ ಆಗುವುದರಲ್ಲಿತ್ತು. ತೊಂಬತ್ತರ ಆಸುಪಾಸು, ನಾವು ವಿಲೆ ಪಾರ್ಲೆಯಲ್ಲಿದ್ದೆವು. ಕಂಪನಿಯ ಧನಿ ನಮ್ಮ ಉಡುಪಿ ಕಡೆಯವರೇ. ಹೋಟೆಲುಗಳಿಗೆ ಕಂಪ್ಯೂಟರ್ ಮಾಡಿಕೊಡುತ್ತಿದ್ದರು. ಸಾಂತಾಕ್ರೂಜಿನ ಒಂದು ಲಾಡ್ಜಿಗೆ ಕೊಟ್ಟ ಮೆಷೀನು ಕೋಣೆಗಳ ಬುಕಿಂಗನ್ನೇ ಮರೆಯತೊಡಗಿತು. ಮದುವೆ ದಿಬ್ಬಣಕ್ಕೆ ಕೊಟ್ಟ ಕೋಣೆಗಳನ್ನೇ ದುಬೈಗೆ ಹೊರಟವರಿಗೂ ಕೊಟ್ಟು, ಕೌಂಟರಿನಲ್ಲಿ ಕಾಲರ್ ಹಿಡಿಯುವವರೆಗೆ ಹೋಯಿತು. ಬೈಗುಳ ತಿಂದವಳು ನನ್ನ ಮಗಳು.

ಅವಳು ಆ ಮೆಷೀನನ್ನು ಮನೆಗೇ ತಂದು ಊಟದ ಮೇಜಿನ ಮೇಲಿಟ್ಟಳು. ನಾವು ನೆಲದ ಮೇಲೆ ಕೂತು ಉಂಡೆವು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅವಳು ಹೇಳಿದ್ದರಲ್ಲಿ ನನಗೆ ಹತ್ತಿದ್ದು ಇಷ್ಟು. ಸ್ವಿಚ್ ಹಾಕಿದಾಗ ಮೊದಲು ಏಳುವುದು ಚಿಪ್ಪಿನೊಳಗಿರುವ ಫರ್ಮ್‌ವೇರ್ ಎಂಬ ಚಿಕ್ಕ ಪ್ರೋಗ್ರಾಮು. ಅದು ಡಿಸ್ಕಿನಿಂದ ಕರ್ನಲ್ ಎಂಬ ದೊಡ್ಡ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಆಮೇಲೆ ಡಿಸ್ಕಿನ ಯಜಮಾನಿಕೆ ಕರ್ನಲಿನದು. ಫರ್ಮ್‌ವೇರಿಗೆ ಮೀಸಲಿಟ್ಟದ್ದು ಒಂದು ಮೂಲೆ ಮಾತ್ರ. ಕರೆಂಟ್ ಹೋದಾಗ ಬ್ಯಾಟರಿಯ ಬಲದಲ್ಲಿ ಅದು ಅಲ್ಲಿ ತನ್ನ ಗುರುತು ಬರೆದಿಡಬೇಕು. ಆ ಮೂಲೆಗೆ ಕರ್ನಲ್ ಕೈಹಾಕುವಂತಿಲ್ಲ, ಮೂಲೆ ಬಿಟ್ಟು ಫರ್ಮ್‌ವೇರ್ ಹೊರಬರುವಂತಿಲ್ಲ. ಕರ್ನಲಿನ ಕೆಲಸ ನನ್ನ ಮಗಳದು, ಚಿಪ್ಪಿನದು ಧನಿಯ ಭಾವಮೈದನದು.

ಆ ಪುಣ್ಯಾತ್ಮ ಮೂಲೆ ಸಾಲದೆಂದು, ಕರ್ನಲ್ ಬುಕಿಂಗ್ ಇಡುತ್ತಿದ್ದ ಪಕ್ಕದ ಜಾಗವನ್ನೂ ಸೇರಿಸಿಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ. ಕಂಪನಿಯಲ್ಲಿ ಎಲ್ಲರೂ ಮೆಷೀನನ್ನು ಕ್ರಮವಾಗಿ ಮುಚ್ಚಿ ಆರಿಸುತ್ತಿದ್ದುದರಿಂದ ಗೊತ್ತೇ ಆಗಲಿಲ್ಲ. ಲಾಡ್ಜಿನ ಯಜಮಾನರೋ, ದಿನವೂ ರಾತ್ರಿ ಗಲ್ಲಾಪೆಟ್ಟಿಗೆಗೆ ಕರ್ಪೂರ ಬೆಳಗಿ, ಕೈಮುಗಿದು, ಕೌಂಟರಿನ ಮೇನ್ ಸ್ವಿಚ್ಚನ್ನೇ ಕೆಳಗೆಳೆಯುವವರು. ಊರಿನ ಹೋಟೆಲಿನಿಂದ ತಂದ ಪದ್ಧತಿ. ಸ್ವಿಚ್ ಬಿದ್ದೊಡನೆ ಫರ್ಮ್‌ವೇರ್ ಎದ್ದು ಬುಕಿಂಗಿನ ಮೇಲೆಯೇ ತನ್ನದನ್ನು ಗೀಚುತ್ತಿತ್ತು.

ಭಾನುವಾರ ಧನಿ, ಭಾವಮೈದ ಇಬ್ಬರೂ ಮನೆಗೆ ಬಂದರು. ಮಗಳು ಅವರ ಕಣ್ಣೆದುರೇ ಪ್ಲಗ್ ಎಳೆದಳು. ಮತ್ತೆ ಹಾಕಿದಾಗ ಬುಕಿಂಗ್ ಮಾಯ.

“ಕರ್ನಲ್ ಸ್ವಲ್ಪ ಸರಿದು ಕೂತ್ರೆ ಆಯ್ತಲ್ಲ,” ಎಂದ ಭಾವಮೈದ, ನಾನು ಕೊಟ್ಟ ಚಕ್ಕುಲಿ ಅಗಿಯುತ್ತ.

“ಅರೇ, ನೀವು ಬತಾಯಾ ಹೀ ನಹೀ, ಹೇಳ್ಲೇ ಇಲ್ಲ! ನಂಗೆ ಹೇಗೆ ಗೊತ್ತಾಗ್ಬೇಕು?” ಮಗಳ ದನಿ ಏರಿತು.

ಧನಿ ನನ್ನ ಕಡೆ ತಿರುಗಿದರು. “ಅಕ್ಕ, ಇವ ನನ್ನ ಹೆಂಡತಿ ತಮ್ಮ. ಲಾಡ್ಜಿನವ್ರ ಹತ್ರ ತಪ್ಪು ತನ್ನದೇ ಅಂತ ನಿಮ್ಮ ಮಗಳು ಹೇಳ್ಲಿ. ಪರ್ಮನೆಂಟ್ ಮಾಡುದು ನನ್ನ ಜವಾಬ್ದಾರಿ.”

“ನಾಳೆ ಇವ ಇನ್ನೊಂದು ಮೂಲೆ ನುಂಗ್ತಾನೆ. ಆಗ್ಲೂ ಇವಳದ್ದೇ ತಪ್ಪಾ?” ಎಂದೆ. “ನೀನು ಆ ಚಕ್ಕುಲಿ ತಟ್ಟೆ ಕೆಳಗಿಡು ಮಾರಾಯ.”

“ಹೆಂಗಸ್ರಿಗೆ ಇದೆಲ್ಲ ಎಂತ ಗೊತ್ತಾಗ್ತದೆ?” ಎಂದು ಅವನು ನಕ್ಕ.

ಮಗಳು ಆಫೀಸಿನ ಬೀಗದ ಕೈ ತಂದು ಮೆಷೀನಿನ ಮೇಲಿಟ್ಟಳು. “ನಾನು ಹೇಳೂದಿಲ್ಲ ಸರ್. ಗಲತಿ ನಂದಲ್ಲ.”

ಧನಿ ಬೀಗದ ಕೈ ಜೇಬಿಗೆ ಹಾಕಿಕೊಂಡು ಎದ್ದರು. ಲಿಫ್ಟು ಕೆಟ್ಟಿತ್ತು; ಭಾವ-ಭಾವಮೈದ ಸೇರಿ ಮೆಷೀನು ಹೊತ್ತು ಮೆಟ್ಟಿಲಿಳಿದರು. ನಾನು ಬಾಗಿಲು ಹಾಕಿಕೊಂಡೆ, ಸದ್ದಾಗುವ ಹಾಗೆಯೇ.

ಮಗಳು ಎಷ್ಟೋ ಕಾಲ ಕೆಲಸವಿಲ್ಲದೆ ಮನೆಯಲ್ಲಿ ಕೂತಳು. ಅದೇ ಸಮಯದಲ್ಲಿ ಮಾಟುಂಗದ ದೇವಸ್ಥಾನದಲ್ಲಿ ದರ್ಶನದ ಸಾಲಿನಲ್ಲಿ ಧನಿಯ ಹೆಂಡತಿ ಸಿಕ್ಕಿದಳು. “ಸ್ವಲ್ಪ ಅಡ್ಜಸ್ಟ್ ಮಾಡ್ಬಹುದಿತ್ತಲ್ಲ ಅಕ್ಕ? ಹೇಳ್ಬೇಕಾದ್ದು ಒಂದು ಮಾತು.”

“ಆ ಒಂದು ಮಾತು ನಿನ್ನ ತಮ್ಮನೇ ಹೇಳ್ಬಹುದಿತ್ತು,” ಎಂದೆ.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.