ನಕ್ಷೆಯಲ್ಲಿದ್ದ ಕುಂಟೆ

ಇವತ್ತು ಬೆಳಿಗ್ಗೆ ನಮ್ಮ ಕೆಳಮನೆಯಲ್ಲಿ ಬಾಡಿಗೆಗಿರುವ ಧಾರವಾಡದ ಹುಡುಗಿ ನನ್ನನ್ನು ಕರೆದು ಗೋಡೆ ತೋರಿಸಿದಳು. ಬುಡದಲ್ಲಿ ತೇವ, ಹಳೆಯ ಕೆಸರಿನ ವಾಸನೆ. ಪೈಪು ಸೋರುತ್ತಿರಬೇಕು ಎಂದೆ. ಹಾಗೆನ್ನುವಾಗ ಅವಳ ಮುಖ ನೋಡಲಾಗಲಿಲ್ಲ. ಏಕೆಂದು ನಿಮಗೆ ಹೇಳುತ್ತೇನೆ.

ಭೂಗೋಳದ ಮೇಷ್ಟರ ಕೆಲಸದಿಂದ ನಿವೃತ್ತನಾದ ಹೊಸದರಲ್ಲಿ ನನಗೆ ಹಳೆಯ ನಕ್ಷೆಗಳ ಹುಚ್ಚು ಹಿಡಿದಿತ್ತು. ಜೆ.ಪಿ. ನಗರದ ನಮ್ಮ ಬಡಾವಣೆ ಏಳುವ ಮೊದಲು ಇಲ್ಲೊಂದು ಊರಿತ್ತಲ್ಲ, ಅದರ ಸರ್ವೆ ನಕ್ಷೆಯ ಪ್ರತಿ ಸಂಪಾದಿಸಿದ್ದೆ. ಇಂದಿನ ರಸ್ತೆಗಳನ್ನು ಟ್ರೇಸಿಂಗ್ ಹಾಳೆಯಲ್ಲಿ ಬರೆದು ಅದರ ಮೇಲೆ ಹೊಂದಿಸುತ್ತ ಕೂರುತ್ತಿದ್ದೆ. ರಾಗಿ ಹೊಲ ಬೇಕರಿಯಾಗಿತ್ತು, ಗುಂಡುತೋಪು ಜಿಮ್ ಆಗಿತ್ತು. ಮಾರಮ್ಮನ ಗುಡಿಯ ಆಚೆ ಪುಟ್ಟ ಕೆರೆಯಂಥ ಒಂದು ಕುಂಟೆಯಿತ್ತು. ಅದೆಲ್ಲಿ ಹೋಯಿತು?

ಊರಿನ ಹಳಬರಲ್ಲಿ ಉಳಿದಿದ್ದವರು ಹಿಂದಿನ ಬೀದಿಯ ಮುನಿಯಮ್ಮ. ಒಂದು ಕಾಲಕ್ಕೆ ಸುತ್ತಲಿನ ಹೊಲವೆಲ್ಲ ಅವರ ಮನೆಯವರದು. ಕೇಳಿದರೆ, ಕುಂಟೆಯೇ ಇರಲಿಲ್ಲ ಅಂದರು. ಆಮೇಲೆ ಕಣ್ಣು ಕಿರಿದು ಮಾಡಿ, "ಯಾರು ಕಳ್ಸಿದ್ದು ನಿಮ್ಮನ್ನ?" ಎಂದರು.

ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ಕುಂಟೆ ಮುಚ್ಚಿ ಅದರ ಮೇಲೇ ತಮ್ಮ ಮೂರಂತಸ್ತಿನ ಮನೆ ಎಬ್ಬಿಸಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ವಾಕಿಂಗ್ ನೆಪದಲ್ಲಿ ಅವರ ಕಾಂಪೌಂಡಿನ ಬಿರುಕು ಎಣಿಸಿದೆ. ಮಂಕಿಕ್ಯಾಪಿನ ಈ ಪತ್ತೇದಾರನನ್ನು ಅವರು ಮಹಡಿಯಿಂದ ನೋಡುತ್ತಿದ್ದರು. ನಾನು ಅವರನ್ನು ನಂಬಲಿಲ್ಲ, ಅವರು ನನ್ನನ್ನು ನಂಬಲಿಲ್ಲ.

ಒಂದು ಮಧ್ಯಾಹ್ನ ಟ್ರೇಸಿಂಗ್ ಹಾಳೆ ಚೂರು ಜರುಗಿದ್ದು ಕಣ್ಣಿಗೆ ಬಿತ್ತು. ಗುಡಿಯ ಮೇಲೆ ಗುಡಿ, ಹಳೆಯ ರಸ್ತೆಯ ತಿರುವಿನ ಮೇಲೆ ತಿರುವು ಬರುವಂತೆ ಕೂರಿಸಿದೆ. ಕುಂಟೆ ಮುನಿಯಮ್ಮನವರ ಮನೆ ಬಿಟ್ಟು ನನ್ನ ಮನೆಯ ಕೆಳಗೆ ಬಂತು. ನಾಲ್ಕು ಸಲ ಕೂರಿಸಿದೆ. ನಾಲ್ಕು ಸಲವೂ ಅಲ್ಲೇ.

ಹಾಳೆ ಹಿಡಿದು ಹೋಗಿ, ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ಮುಚ್ಚಿದ್ದು ನಮ್ಮೋರೇ, ಮೇಷ್ಟ್ರೇ. ಅದ್ರ ನೀರು ಕುಡ್ದು ಬೆಳ್ದೋಳು ನಾನು. ಇತ್ತು ಅಂದ್ರೆ ಕೆರೆ ಒತ್ತುವರಿ ಅಂತ ಯಾರಾದ್ರೂ ಬಂದು ನಿಮ್ಮ ಮನೆ ಒಡೀತಾರೆ. ಅದಕ್ಕೇ ಇಲ್ಲ ಅಂದೆ."

ನಕ್ಷೆಯನ್ನು ಸುತ್ತಿ ಬೀರುವಿನ ಮೇಲೆ ಹಾಕಿದೆ. ಹೆಂಡತಿಗೂ ಹೇಳಲಿಲ್ಲ. ಮುನಿಯಮ್ಮ ತೀರಿಕೊಂಡ ಮೇಲೆ ವಿಷಯ ಗೊತ್ತಿದ್ದವನು ನಾನೊಬ್ಬನೇ.

ಬೆಳಿಗ್ಗೆ ಪೈಪಿನ ಮಾತಾಡಿ ಮೆಟ್ಟಿಲ ತನಕ ಹೋದವನು ತಿರುಗಿ ಬಂದೆ. ಇಲ್ಲಿ ಕುಂಟೆಯಿತ್ತಮ್ಮ ಎಂದೆ. ಆ ಹುಡುಗಿ ಗೋಡೆಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದಳು.

"ನಿಮಗ ಯಾವಾಗಿಂದ ಗೊತ್ತೈತ್ರಿ, ಅಂಕಲ್?"

ಅವಳ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಗೊತ್ತಾಗಿ ಎಷ್ಟು ವರ್ಷವಾಯಿತೆಂಬ ಲೆಕ್ಕದಿಂದಲೇ ಹೇಳತೊಡಗಿದೆ.