ಇಸೊಗಾಯಿ ದಾರಿ ಹಂಚಿದ್ದು

ಇಸೊಗಾಯಿ ತೆತ್ಸುಜಿಯ ಮನೆಯಲ್ಲಿ ಮೂಲಂಗಿ ಎಂದೂ ರಾತ್ರಿ ತಂಗಿದ್ದಿಲ್ಲ. ತೊಯಾಮಾ ಕೊಲ್ಲಿಯ ದಂಡೆಯಲ್ಲಿರುವ ನಮ್ಮ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಹೌದು ಎನ್ನುತ್ತಾರೆ. ಬಂದದ್ದನ್ನು ಪಕ್ಕದ ಮನೆಗೆ ದಾಟಿಸುವುದು ನಮ್ಮೆಲ್ಲರ ರೂಢಿಯೇ. ಆದರೆ ನಾವು ಅರ್ಧ ಇಟ್ಟುಕೊಂಡು ಅರ್ಧ ದಾಟಿಸುವವರು, ಅವನು ಕೈಗೆ ಬಂದದ್ದನ್ನು ನೆಲಕ್ಕೆ ಇಡದೆಯೇ ದಾಟಿಸುವವನು. ಒಂದು ನವೆಂಬರ್ ಬೆಳಿಗ್ಗೆ ಎಂಟಕ್ಕೆ ಮೀನಂಗಡಿಯ ಅಜ್ಜಿ ಅವನಿಗೊಂದು ಮೂಲಂಗಿ ಕೊಟ್ಟಳಂತೆ. ಅವನು ಅದನ್ನು ಕ್ಷೌರದಂಗಡಿಗೆ ಕೊಟ್ಟ, ಕ್ಷೌರದವನು ಹಲ್ಲಿನ ಡಾಕ್ಟರಿಗೆ ಕೊಟ್ಟ, ಡಾಕ್ಟರು ಬೌದ್ಧ ಗುಡಿಗೆ ಕಳಿಸಿದರು. ಸಂಜೆ ನಾಲ್ಕಕ್ಕೆ ಅದೇ ಮೂಲಂಗಿ ಮೀನಂಗಡಿಯ ಬಾಗಿಲಿಗೆ ಬಂದು ನಿಂತಿತು. ಕಾಲು ಮಡಚಿ ಕೂತ ಹುಡುಗಿಯ ಹಾಗಿದ್ದ ಅದರ ಸೊಟ್ಟ ಬುಡವನ್ನು ನೋಡಿ ಅಜ್ಜಿ ಗುರುತು ಹಿಡಿದಳು. ದಾರಿಯಲ್ಲಿ ಅದು ಮೂರು ಕಿತ್ತಳೆಬಣ್ಣದ ಕಾಕಿ ಹಣ್ಣುಗಳನ್ನೂ ಸಂಪಾದಿಸಿಕೊಂಡಿತ್ತು. ಈಗೀಗ ಕಥೆ ಹೇಳುವವರು ಮೂಲಂಗಿ ರೈಲು ಹತ್ತಿ ಪಕ್ಕದ ಊರಿಗೂ ಹೋಗಿ ಬಂತು ಎನ್ನುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ.

ಅವನ ಹೆಂಡತಿ ಸುಮಿಯೆ ಇದರ ಬಗ್ಗೆ ಹೇಳುವುದು ಒಂದೇ ಮಾತು: "ಮದುವೆಯಾಗಿ ಇಪ್ಪತ್ತೇಳು ವರ್ಷ ಆಯ್ತು. ನಮ್ಮನೇಲಿ ಒಂದು ಇಡೀ ಕಲ್ಲಂಗಡಿ ಹಣ್ಣು ನಾನಿನ್ನೂ ನೋಡಿಲ್ಲ."

ಇಂಥ ದಾನಶೂರನಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ವಿದ್ಯೆ ಕಲಿಯಬೇಕಾಗಿ ಬಂತು. ಆ ವಿದ್ಯೆಯ ಮೊದಲ ಪಾಠವೇ ಹಂಚಬಾರದು ಎನ್ನುವುದು.

ಇಸೊಗಾಯಿ ನಮ್ಮ ಊರಿನ ಕೇಬಲ್ ಟೀವಿ ಕಂಪನಿಯ ಕಂಬ ಹತ್ತುವ ಆಳು. ಹಿಮ ಬಿದ್ದು ತಂತಿ ಜೋತರೆ ಅವನೇ ಬರಬೇಕು. ಅದೇ ಕಂಪನಿ ಊರಿಗೆ ಇಂಟರ್ನೆಟ್ಟನ್ನೂ ಕೊಡುತ್ತದೆ. ಆ ಭಾಗವನ್ನು ಇಪ್ಪತ್ತೆರಡು ವರ್ಷಗಳಿಂದ ಮುರಾಕೊಶಿ ಎಂಬ ಹೆಂಗಸು ಒಬ್ಬರೇ ನಡೆಸಿಕೊಂಡು ಬಂದಿದ್ದರು. ಮಾರ್ಚ್ ಕೊನೆಗೆ ಅವರ ನಿವೃತ್ತಿ. ಅವರ ಜಾಗಕ್ಕೆ ಯಾರೂ ಸಿಗಲಿಲ್ಲ. ಹಿಂದಿನ ಅಕ್ಟೋಬರಿನಲ್ಲಿ ಮ್ಯಾನೇಜರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಮಾರ್ಚ್ ಒಳಗೆ ಇಸೊಗಾಯಿ ಕಲಿತರೆ ಸರಿ. ಇಲ್ದಿದ್ರೆ ನಮ್ಮ ನಂಬರನ್ನ ವಾಪಸ್ ಕೊಟ್ಟು ಟೋಕಿಯೋದವರ ಕೆಳಗೆ ಸೇರ್ಕೊಳ್ಳೋಣ."

ನಂಬರು ಎಂದರೆ ಮನೆಯ ನಂಬರಿದ್ದ ಹಾಗೆ. ಇಂಟರ್ನೆಟ್ಟು ಒಂದೇ ಜಾಲವಲ್ಲ, ಎಪ್ಪತ್ತು ಎಂಬತ್ತು ಸಾವಿರ ಜಾಲಗಳ ಒಂದು ದೊಡ್ಡ ಕೇರಿ. ಆ ಕೇರಿಯಲ್ಲಿ ಸ್ವಂತ ಬಾಗಿಲು ಇರುವವರಿಗೆಲ್ಲ ಒಂದೊಂದು ನಂಬರು. ಎಂಟು ಸಾವಿರ ಮನೆಗಳ ನಮ್ಮ ಊರಿಗೂ ಒಂದಿತ್ತು. ಅದನ್ನು ತಂದವರು ಮುರಾಕೊಶಿ. ಅದು ಹೋದರೆ ನಾವು ಟೋಕಿಯೋದ ಯಾರದೋ ಹಿತ್ತಿಲ ಕೋಣೆಯ ಬಾಡಿಗೆದಾರರು. ಆ ದಿನ ಮುರಾಕೊಶಿ ಚಹಾ ಮುಟ್ಟದೆ ಎದ್ದು ಹೋದದ್ದನ್ನು ಇಸೊಗಾಯಿ ನೋಡಿದ.

ಪಾಠ ಶುರುವಾಯಿತು. ಅವರು ಕೊಟ್ಟ ದಪ್ಪ ಪುಸ್ತಕವನ್ನು ಅವನು ಶ್ರದ್ಧೆಯಿಂದ ಬಳಸಿದ. ಬಿಸಿನೀರು ಹಾಕಿದ ನೂಡಲ್ಸ್ ಡಬ್ಬಿಯ ಮುಚ್ಚಳ ಏಳದಂತೆ ಒತ್ತಿಡಲು ಅದಕ್ಕಿಂತ ಒಳ್ಳೆಯ ಪುಸ್ತಕ ಇರಲಿಲ್ಲ. "ಮೂರು ನಿಮಿಷಕ್ಕೆ ಒಂದು ಪುಟ ಓದ್ತೀನಿ, ಅಷ್ಟರಲ್ಲಿ ನೂಡಲ್ಸ್ ಬೇಯುತ್ತೆ. ಈವರೆಗೆ ಬೆಂದಿದ್ದು ನೂಡಲ್ಸ್ ಮಾತ್ರ" ಎಂದು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಕೊನೆಗೆ ಮುರಾಕೊಶಿ ಪುಸ್ತಕ ಮುಚ್ಚಿಟ್ಟು ಬಾಯಿಮಾತಿಗೆ ಇಳಿದರು.

"ಟೋಕಿಯೋಗೆ, ಬ್ರೆಜಿಲ್‌ಗೆ ಎಲ್ಲ ಹೋಗೋ ದಾರಿ ತೋರಿಸೋ ನಕ್ಷೆ ಎಲ್ಲಿದೆ?" ಎಂದು ಅವನು ಕೇಳಿದ.

"ಎಲ್ಲೂ ಇಲ್ಲ."

"ಸರ್ಕಾರದ ಹತ್ರ?"

"ಯಾರ ಹತ್ರಾನೂ ಇಲ್ಲ ಇಸೊಗಾಯಿ ಅವ್ರೆ. ಪಕ್ಕದ ಮನೆಯವರು 'ಬ್ರೆಜಿಲ್‌ಗೆ ನಮ್ಮ ಕಡೆಯಿಂದ ಹೋಗ್ಬಹುದು' ಅಂತಾರೆ. ಅವರಿಗೆ ಅವರ ಪಕ್ಕದವರು ಹೇಳಿರ್ತಾರೆ."

"ನಿಜವಾ ಸುಳ್ಳಾ ಅಂತ ಯಾರು ನೋಡ್ತಾರೆ?"

"ಒಬ್ಬೊಬ್ರು ನೋಡ್ತಾರೆ. ಸುಮಾರು ಜನ ನಂಬಿಬಿಡ್ತಾರೆ."

ಇಸೊಗಾಯಿಗೆ ಎಷ್ಟೋ ಸಮಾಧಾನವಾಯಿತು. "ಹಾಗಾದ್ರೆ ಇದು ನಮ್ಮ ಓಣೀನೇ" ಎಂದ.

ಆ ವಾರ ಅವನ ಅಣ್ಣನ ಮಗಳ ಮದುವೆಯಾಗಿತ್ತು. ನಮ್ಮ ಕಡೆ ಮದುವೆಗೆ ಬಂದವರಿಗೆ ಅರೆದ ಮೀನನ್ನು ಬೇಯಿಸಿ ಮಾಡಿದ, ಮೊಣಕೈಯುದ್ದದ ಕೆಂಪು ಮೀನಿನ ಆಕಾರದ ಕಾಮಾಬೊಕೊ ಕೊಡುತ್ತಾರೆ. ಅವರು ಅದನ್ನು ತುಂಡು ಮಾಡಿ ಕೇರಿಗೆಲ್ಲ ಹಂಚುತ್ತಾರೆ. ಇಸೊಗಾಯಿ ಒಂದು ತುಂಡನ್ನು ಆಫೀಸಿಗೆ ತಂದ. ಮುರಾಕೊಶಿ ಅದರ ಡಬ್ಬಿಯ ಮುಚ್ಚಳವನ್ನೇ ಹಲಗೆ ಮಾಡಿಕೊಂಡರು.

"ಇದು ನಿಮ್ಮಣ್ಣನ ಮನೆಯಿಂದ ಬಂತು. ಮುಚ್ಚಳದ ಮೇಲೆ ಅವರ ಹೆಸರು. ನೀವು ನನಗೆ ಕೊಟ್ರಿ, ನಿಮ್ಮ ಹೆಸರು. ನಾನು ಮುಂದೆ ಕೊಡುವಾಗ ನನ್ನ ಹೆಸರು. ಹೀಗೆ ಹೆಸರು ಬೆಳೀತಾ ಹೋಗುತ್ತೆ. ಎರಡು ಡಬ್ಬಿ ಬಂದ್ರೆ ಹೆಸರು ಕಡಿಮೆ ಇರೋ ದಾರಿ ಹತ್ತಿರದ್ದು. ಬಂದ ಡಬ್ಬಿ ಮೇಲೆ ನಮ್ಮ ಹೆಸರೇ ಇದ್ರೆ?"

"ಸುತ್ತು ಹೊಡೆದು ಬಂದಿದೆ ಅಂತ."

"ಆಗ ಏನ್ ಮಾಡ್ಬೇಕು?"

"ತಗೋಬಾರದು." ಇಸೊಗಾಯಿ ಮುಚ್ಚಳವನ್ನು ತಿರುಗಿಸಿ ನೋಡಿದ. "ಆ ಮೂಲಂಗಿ ಮೇಲೂ ಹೆಸರು ಬರ್ದಿದ್ರೆ ನನ್ನ ಮರ್ಯಾದೆ ಉಳೀತಿತ್ತು."

ಅಲ್ಲಿಯವರೆಗೆ ಎಲ್ಲ ಸುಸೂತ್ರ. ಅವನು ಎಡವಿದ್ದು ಮುಂದಿನ ನಿಯಮದಲ್ಲಿ. ನಮ್ಮ ಕಂಪನಿ ದುಡ್ಡು ಕೊಟ್ಟು ದಾರಿ ಪಡೆಯುತ್ತಿದ್ದುದು ಟೋಕಿಯೋದ ಒಂದು ಭಾರೀ ಜಾಲದಿಂದ. ಮುರಾಕೊಶಿ ಅದನ್ನು ದೊಡ್ಡಮನೆ ಎನ್ನುತ್ತಿದ್ದರು. ಫೆಬ್ರವರಿಯಲ್ಲಿ ಒಸಾಕಾದ ಇನ್ನೊಂದು ಜಾಲದೊಂದಿಗೆ ಸರಿಸಮನಾಗಿ, ಬಿಟ್ಟಿಯಾಗಿ ಕೈಜೋಡಿಸುವುದೆಂದು ಮಾತಾಗಿತ್ತು. ಅದು ಪಕ್ಕದ ಮನೆ.

"ದೊಡ್ಡಮನೆ ಹೇಳಿದ್ದನ್ನ ಪಕ್ಕದ ಮನೆಗೆ ಹೇಳ್ಬಾರದು. ಪಕ್ಕದ ಮನೆ ಹೇಳಿದ್ದನ್ನ ದೊಡ್ಡಮನೆಗೆ ಹೇಳ್ಬಾರದು. ಇಬ್ಬರಿಗೂ ನಮ್ಮೂರಿನ ವಿಳಾಸ ಮಾತ್ರ ಹೇಳ್ಬೇಕು."

"ಮಿಕ್ಕಿದ್ದು?"

"ಮನೇಲೇ ಇಟ್ಕೋಬೇಕು."

"ಜಿಪುಣರು ಅಂದ್ಕೊಳ್ಳಲ್ವಾ?"

"ಅಂದ್ಕೊಳ್ಳಲ್ಲ. ಹೇಳೋದು ಅಂದ್ರೆ ಕರೆಯೋದು. 'ಅವರ ಮನೆಗೆ ನಮ್ಮ ಮನೆ ಮೂಲಕ ಬನ್ನಿ' ಅಂತ ಹೇಳಿದ್ರೆ ಬಂದೇ ಬಿಡ್ತಾರೆ. ನಮ್ಮ ಹಜಾರ ಎಷ್ಟಗಲ ಇದೆ?"

ಅವನು ತಲೆಯಾಡಿಸಿದ. ತಲೆಗೆ ಅರ್ಥವಾಗಿತ್ತು. ಕೈಗೆ ಆಗಿರಲಿಲ್ಲ.

ಪಕ್ಕದ ಮನೆಯನ್ನು ಜೋಡಿಸುವ ಕೆಲಸಕ್ಕೆ ಕ್ರಮದ ಹಾಳೆಯನ್ನು ಇಸೊಗಾಯಿಯೇ ಬರೆಯಬೇಕೆಂದು ಮುರಾಕೊಶಿ ಹೇಳಿದರು. ಅದೇ ಅವನ ಪರೀಕ್ಷೆ. ಅವನು ಮೂವತ್ತೊಂದು ಸಾಲು ಬರೆದ. ಅವರು ನೋಡಿ, ತಿದ್ದಿ, ಮೂಲೆಯಲ್ಲಿ ತಮ್ಮ ಕೆಂಪು ಮುದ್ರೆ ಒತ್ತಿದರು. ಆಮೇಲೆ ಅವನು ಲೇಖನಿ ಹಿಡಿದು ಅದನ್ನು ಕೊನೆಯ ಸಲ ಓದಲು ಕೂತ. ಇಪ್ಪತ್ತಾರನೆಯ ಸಾಲು, ದೊಡ್ಡಮನೆಗೆ ಹೇಳಬೇಕಾದದ್ದು: "ನಮ್ಮದು ಮಾತ್ರ." ಅವನ ಲೇಖನಿ ಅಲ್ಲಿ ನಿಂತಿತು. ಇಷ್ಟು ವರ್ಷದ ಪರಿಚಯ, ಎಷ್ಟು ಒರಟಾಗಿ ಕಾಣುತ್ತದೆ. ಹೊಸ ನೆರೆ ಬಂದಿದ್ದಾರೆ ಎಂದು ಹಳಬರಿಗೆ ತಿಳಿಸದಿದ್ದರೆ ಏನು ಚೆನ್ನ? ಅವನು "ಮಾತ್ರ" ಹೊಡೆದುಹಾಕಿ "ಮತ್ತು ಪಕ್ಕದ ಮನೆಯದು" ಎಂದು ದುಂಡಗೆ ಬರೆದ.

ಕೆಲಸದ ದಿನ ಮುರಾಕೊಶಿ ಕಣ್ಣಿನ ಡಾಕ್ಟರ ಬಳಿ ಹೋಗಿದ್ದರು, ಮಧ್ಯಾಹ್ನ ಬರುವವರಿದ್ದರು. ಇಸೊಗಾಯಿಗೆ ಅವರು ಬರುವಷ್ಟರಲ್ಲಿ ಮುಗಿಸಿ ಬೆರಗು ಮಾಡಬೇಕೆಂಬ ಆಸೆ. ನಮ್ಮಲ್ಲಿ ಇಂಥ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಸಾಲು ಓದಬೇಕು, ಇನ್ನೊಬ್ಬ ಪರದೆಗೆ ಬೆರಳು ತೋರಿಸಿ "ಸರಿಯಿದೆ" ಎಂದು ಗಟ್ಟಿಯಾಗಿ ಹೇಳಬೇಕು. ಕಂಬದ ಮೇಲೆ ಮೂವತ್ತು ವರ್ಷ ಹೀಗೆ ಮಾಡಿದ್ದರಿಂದಲೇ ಅವನ ಹತ್ತೂ ಬೆರಳು ಉಳಿದಿದ್ದವು. ನಿಯಮ ಮುರಿಯುವವನಲ್ಲ ನಮ್ಮ ವೀರ. ಎರಡು ಕುರ್ಚಿ ಹಾಕಿದ. ಎಡ ಕುರ್ಚಿಯಲ್ಲಿ ಕೂತು ಓದಿದ. ಎದ್ದು ಬಲ ಕುರ್ಚಿಗೆ ಹೋಗಿ, ಬೆರಳು ತೋರಿಸಿ, ಬೇರೆ ದನಿಯಲ್ಲಿ "ಸರಿಯಿದೆ" ಎಂದ. ಮೂವತ್ತೊಂದು ಸಲ ಎದ್ದು ಕೂತ. ಇಪ್ಪತ್ತಾರನೆಯದಕ್ಕೂ ಸರಿಯಿದೆ ಎಂದ, ಯಾಕೆಂದರೆ ಹಾಳೆಯಲ್ಲಿ ಹಾಗೇ ಇತ್ತು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮುಗಿಯಿತು. ಮಂಡಿ ನೋಯುತ್ತಿತ್ತು. ಸುಮಿಯೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದ.

ಮೊದಲ ತುತ್ತು ಬಾಯಿಗೆ ಹೋಗುವ ಮೊದಲೇ ಫೋನು ಬಂತು. ಮೀನಂಗಡಿಯ ಅಜ್ಜಿ.

"ತೆತ್ಸು, ಏನಪ್ಪಾ ಇದು, ಟ್ಯಾಬ್ಲೆಟ್ಟಲ್ಲಿ ಸುಮೋ ಕುಸ್ತಿ ನೋಡ್ತಿದ್ದೆ, ಇಬ್ಬರೂ ಹಿಡ್ಕೊಂಡು ಹಾಗೇ ನಿಂತ್ಬಿಟ್ಟಿದಾರೆ."

"ಬಿಗಿ ಪಟ್ಟು ಇರ್ಬೇಕು ಅಜ್ಜಿ."

"ಐದು ನಿಮಿಷದಿಂದ ಕಣ್ಣೂ ಮಿಟುಕಿಸಿಲ್ಲ ಕಣೋ."

ಆಮೇಲೆ ಶಾಲೆಯಿಂದ ಬಂತು, ಆಸ್ಪತ್ರೆಯಿಂದ ಬಂತು, ಪಂಚಾಯತಿಯಿಂದ ಬಂತು. ಇಸೊಗಾಯಿ ಪರದೆಯ ಮುಂದೆ ಓಡಿದ. ನಮ್ಮ ಊರಿನ ಬಡಪಾಯಿ ತಂತಿ ಕಂಠಮಟ್ಟ ತುಂಬಿತ್ತು. ದೊಡ್ಡಮನೆಗೆ ದುಡ್ಡು ಕೊಡುವ ಗಿರಾಕಿ ಹೇಳಿದ ದಾರಿ ಎಂದರೆ ಮೊದಲ ಆಯ್ಕೆ. ನಾವು ಅವರ ಗಿರಾಕಿ. ಅರ್ಧ ದೇಶದ ಜನ ನೋಡುವ ಸಿನಿಮಾ, ಆಟ, ಬೆಕ್ಕಿನ ವಿಡಿಯೋ, ಒಸಾಕಾದ ಪಕ್ಕದ ಮನೆಗೆ ಹೋಗಿ ಬರಬೇಕಾದದ್ದೆಲ್ಲ ಈಗ ನಮ್ಮ ಹಜಾರದ ಮೂಲಕ ಹೊರಟಿತ್ತು. ಯಾರೂ ದಾಟಲಾಗದೆ ಸಿಕ್ಕಿಕೊಂಡಿದ್ದರು.

ಮುರಾಕೊಶಿಯವರಿಗೆ ಫೋನು ಮಾಡಿದ.

"ಕಣ್ಣಿಗೆ ಔಷಧಿ ಹಾಕಿದಾರೆ. ನನಗೆ ಗೋಡೆ ಗಡಿಯಾರಾನೇ ಕಾಣ್ತಿಲ್ಲ" ಎಂದರು ಅವರು. "ಗಾಬರಿ ಬೇಡ. ಡಬ್ಬಿಗಳ ಮುಚ್ಚಳ ನೋಡಿ." ಅಷ್ಟರಲ್ಲಿ ಕರೆಯೂ ಕಡಿಯಿತು, ಯಾಕೆಂದರೆ ಅದೂ ನಮ್ಮದೇ ತಂತಿಯ ಮೇಲೆ ಹೋಗುತ್ತಿತ್ತು.

ದೊಡ್ಡಮನೆಯವರು ತಮ್ಮ ದಾರಿಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಲು ತೆರೆದಿಟ್ಟಿದ್ದರು. ಇಸೊಗಾಯಿ ಬೇರೆ ಕಂಪನಿಯ ಸಿಮ್ ಇದ್ದ ತನ್ನ ಮೊಬೈಲಿನಲ್ಲಿ ಅದನ್ನು ತೆರೆದ. ಮುಚ್ಚಳದ ಮೇಲಿನ ಹೆಸರುಗಳ ಹಾಗೆ ಪ್ರತಿ ದಾರಿಗೂ ಅದು ದಾಟಿ ಬಂದ ಮನೆಗಳ ನಂಬರು, ಸಾಲು ಸಾಲು, ಇರುವೆ ಹರಿದ ಹಾಗೆ. ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ. ಆಮೇಲೆ ಅವನ ಬೆರಳು ತನ್ನಷ್ಟಕ್ಕೇ ಎದ್ದು ಒಂದು ಕಡೆ ನಿಂತಿತು. ಈ ಸಲ ಅವನು ಸರಿಯಿದೆ ಎನ್ನಲಿಲ್ಲ. ದೊಡ್ಡಮನೆ, ಪಕ್ಕದ ಮನೆ ಎಂಬ ಎರಡು ದೈತ್ಯರ ನಂಬರುಗಳ ನಡುವೆ ನಮ್ಮ ಊರಿನ ನಂಬರು ಕೂತಿತ್ತು, ಸುಮೋ ಪಟುಗಳ ನಡುವೆ ಸಿಕ್ಕ ಅಂಗನವಾಡಿ ಮಗುವಿನಂತೆ. ಪಟ್ಟಿಯುದ್ದಕ್ಕೂ ಪ್ರತಿ ಸಾಲಿನಲ್ಲೂ ಹಾಗೇ.

ಅವನು ಇಪ್ಪತ್ತಾರನೆಯ ಸಾಲನ್ನು ಓದಿದ. ತನ್ನದೇ ದುಂಡಗಿನ ಅಕ್ಷರ. ಪಕ್ಕದ ಮನೆಯ ಬಾಗಿಲು ಮುಚ್ಚುವ ಆಜ್ಞೆ ಅವನಿಗೆ ಗೊತ್ತಿತ್ತು, ಪುಸ್ತಕದಲ್ಲಿ ನೂಡಲ್ಸಿನ ಸಾರು ಚೆಲ್ಲಿದ ಪುಟದಲ್ಲೇ ಅದಿತ್ತು. ಮುಚ್ಚಿದ. ಒಂದೆರಡು ನಿಮಿಷದಲ್ಲಿ ಜನಸಾಗರ ಇಳಿಯಿತು. ಒಟ್ಟು ಇಪ್ಪತ್ತಮೂರು ನಿಮಿಷ.

ಮುರಾಕೊಶಿ ಕಪ್ಪು ಕನ್ನಡಕದಲ್ಲಿ ಬಂದಾಗ ಅವನು ಬಾಗಿಲಲ್ಲೇ ಮಂಡಿಯೂರಿ ಕೂತಿದ್ದ. ಹಾಳೆ ಮುಂದಿತ್ತು. ಅವರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು.

"ಇದು ನನ್ನ ಮುದ್ರೆ ಬಿದ್ದ ಮೇಲೆ ಬರ್ದಿದ್ದು."

"ಹೌದು. ಒರಟಾಗಿ ಕಾಣ್ತು ಅಂತ."

"ಇದೂ ಹಂಚೋ ಕಾಮಾಬೊಕೊ ಅಂದ್ಕೊಂಡ್ರಾ?"

"ಹೌದು."

ಅವರು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಕನ್ನಡಕದಿಂದಾಗಿ ಅವನಿಗೆ ತಿಳಿಯಲಿಲ್ಲ.

ಮ್ಯಾನೇಜರು ನಗಲಿಲ್ಲ. "ಇಬ್ಬರೂ ದೊಡ್ಡಮನೆಗೆ ಹೋಗಿ ಕ್ಷಮೆ ಕೇಳಿ ಬನ್ನಿ. ಇಸೊಗಾಯಿ ಕೈಗೆ ಬಾಗಿಲು ಕೊಡೋದು ಬೇಡ ಅಂತ ಅವರು ಅಂದ್ರೆ ನಂಬರು ವಾಪಸ್."

ಕ್ಷಮೆ ಕೇಳಲು ಹೋಗುವಾಗ ಒಂದು ಸಿಹಿಯ ಪೆಟ್ಟಿಗೆ ಒಯ್ಯಬೇಕು, ಸಾದಾ ಬಣ್ಣದ್ದು, ಭಾರವಾದದ್ದು. ಇಸೊಗಾಯಿ ಗಾಬರಿಯಲ್ಲಿ ತನ್ನ ಕಾಲಿಗೆ ಗೊತ್ತಿದ್ದ ಅಂಗಡಿಗೆ ಹೋದ. ಟೋಕಿಯೋದ ಹದಿನಾಲ್ಕನೆಯ ಮಹಡಿಯಲ್ಲಿ, ದೊಡ್ಡಮನೆಯ ಜಾಲದ ಮುಖ್ಯಸ್ಥ ಅಜಿಮಾ ಎಂಬವರು ಗಂಟು ಬಿಚ್ಚಿದಾಗ, ಕೆಂಪು ಕೆಂಪಾಗಿ, ಬಾಲ ಎತ್ತಿ ನಗುತ್ತಾ ಮದುವೆಯ ಮೀನು ಮಲಗಿತ್ತು.

ಅಜಿಮಾ ಮೀನನ್ನೂ ಮುರಾಕೊಶಿಯವರನ್ನೂ ನೋಡಿದರು. "ಯಾರ ಮದುವೆ?"

"ಯಾರದ್ದೂ ಅಲ್ಲ" ಎಂದರು ಮುರಾಕೊಶಿ. "ಇವರಿಗೆ ಇದೊಂದೇ ತರೋಕೆ ಬರೋದು."

ಇಸೊಗಾಯಿ ಸೊಂಟ ಬಗ್ಗಿಸಿದ. ತಲೆ ಎತ್ತಿದರೆ ಅಜಿಮಾ ಅವನಿಗಿಂತ ಕೆಳಗೆ ಬಗ್ಗಿದ್ದರು. ಅವನು ಇನ್ನಷ್ಟು ಬಗ್ಗಿದ. ಮೇಜಿನ ಕೆಳಗೆ ಇನ್ನೊಂದು ಸಿಹಿಯ ಪೆಟ್ಟಿಗೆ ಸಿದ್ಧವಾಗಿರುವುದು ಅವನಿಗೆ ಕಂಡಿತು, ಸಾದಾ ಬಣ್ಣದ್ದು, ಭಾರವಾದದ್ದು.

"ತಪ್ಪು ನಮ್ಮದೂ ಇದೆ" ಎಂದು ಅಜಿಮಾ ನೆಲಕ್ಕೆ ಹೇಳಿದರು. "ನೀವು ನಿಮ್ಮೂರು ಬಿಟ್ಟು ಬೇರೆ ಏನು ಹೇಳಿದ್ರೂ ನಾವು ನಂಬಬಾರದಿತ್ತು. ತಡೆಯೋ ಜರಡಿ ಹಾಕ್ಬೇಕಿತ್ತು. ನಿಮ್ಮಿಂದ ಇಪ್ಪತ್ತೆರಡು ವರ್ಷ ಒಂದು ತಪ್ಪೂ ಬಂದಿರಲಿಲ್ಲ, ಹಾಗಾಗಿ ಉದಾಸೀನ ಮಾಡಿದ್ವಿ."

ಮುರಾಕೊಶಿ ಇಬ್ಬರನ್ನೂ ಕೂರಿಸಿದರು. ಇಲ್ಲದಿದ್ದರೆ ಇನ್ನೂ ಬಗ್ಗಿಕೊಂಡೇ ಇರುತ್ತಿದ್ದರು. ಚಹಾ ಬಂತು, ಮೀನನ್ನು ಕೊಯ್ದರು. ಅಜಿಮಾ ಒಂದು ನಮೂನೆ ತೆಗೆದು, ನಮ್ಮ ಊರಿನ ನಂಬರಿನ ಮುಂದೆ, ಏಪ್ರಿಲ್ ಒಂದರಿಂದ ಮಾತಾಡಬೇಕಾದವರ ಹೆಸರು ಎಂಬಲ್ಲಿ ಇಸೊಗಾಯಿ ತೆತ್ಸುಜಿ ಎಂದು ಬರೆದು ಮುದ್ರೆ ಒತ್ತಿದರು. ಮುರಾಕೊಶಿ ತಮ್ಮ ಲೋಟದ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದರು.

"ಒಂದು ಕೇಳ್ಬೇಕು ಇಸೊಗಾಯಿ ಅವ್ರೆ" ಎಂದರು ಅಜಿಮಾ. ಅವರ ದನಿಯಲ್ಲಿ ಈಗ ಗೌರವ ತುಂಬಿತ್ತು. "ಆ ದಿನ ನಮ್ಮ ಹನ್ನೊಂದು ಜನ ಇಂಜಿನಿಯರುಗಳು ಪಟ್ಟಿ ಮುಂದೆ ಕೂತಿದ್ರು. ಏನಾಗಿದೆ ಅಂತ ಒಬ್ಬರಿಗೂ ಹೊಳೀಲಿಲ್ಲ. ನೀವು ಕಲಿಯೋಕೆ ಶುರು ಮಾಡಿ ಐದು ತಿಂಗಳಂತೆ. ಸಾವಿರಾರು ನಂಬರುಗಳ ನಡುವೆ ಅಷ್ಟು ಬೇಗ ಹೇಗೆ ಹಿಡಿದ್ರಿ?"

ಇಸೊಗಾಯಿ ಬಾಯಲ್ಲಿದ್ದ ಕಾಮಾಬೊಕೊ ನುಂಗಿದ.

"ನನಗೆ ಗುರುತು ಸಿಗೋದು ನಮ್ಮ ನಂಬರೊಂದೇ."