ರಾಜಕುಮಾರನ ಬುಗುರಿ

ಗೆಳೆಯರೇ, ಮಕ್ಕಳಿಗಾಗಿ ಬರೆಯುತ್ತಿರುವ ನನ್ನ ಕಾದಂಬರಿಯ ಕೊನೆಯನ್ನು ಇವತ್ತು ಚಂದ್ರಾ ಲೇಔಟಿನ ನಮ್ಮ ಮನೆ ಓನರ್ ಅಮ್ಮನಿಗೆ ಓದಿ ಹೇಳಿದೆ. ಪುರಾತನ ಈಜಿಪ್ಟಿನ ಪುಟ್ಟ ರಾಜಕುಮಾರ ಜ್ವರದಿಂದ ಸಾಯುತ್ತಾನೆ. ಅವನ ಬುಗುರಿಯನ್ನೂ ಜೊತೆಗಿಟ್ಟು ಹೂಳುತ್ತಾರೆ.

ಸೀಮೆಎಣ್ಣೆ ಸ್ಟೌವಿಗೆ ಪಂಪ್ ಹೊಡೆಯುತ್ತಿದ್ದ ಅವರ ಕೈ ನಿಂತಿತು.

“ಅವರೂ ನಮ್ಮ ಥರ ಹೂಳ್ತಿದ್ರಾ? ನನ್ನ ಮಗನ್ನ ಹೂಳುವಾಗ ಕೈಯಲ್ಲಿ ಲಿಂಗ ಇಟ್ವಿ. ಬುಗುರೀನೂ ಇಡ್ತೀನಿ ಅಂದೆ. ‘ನಮ್ಮಲ್ಲಿ ಅದೆಲ್ಲ ಇಲ್ಲ’ ಅಂತ ಹಿರಿಯರು ಬೈದು ಕಿತ್ಕೊಂಡ್ರು.”

“ಪ್ರಕಾಶಕರೂ ಈ ಭಾಗ ತೆಗೀರಿ ಅಂದಿದಾರಮ್ಮ. ಸಾವು ಅಂದ್ರೆ ಮಕ್ಕಳು ಹೆದರ್ತಾರಂತೆ.”

“ಬುಗುರಿ ಮಾತ್ರ ತೆಗೀಬೇಡಿ,” ಎಂದರು. ಸ್ಟೌವ್ ಆರಿಹೋಗಿತ್ತು. ಮತ್ತೆ ಹಚ್ಚಲಿಲ್ಲ.

ಮಕ್ಕಳು ಸಾವಿಗೆ ಹೆದರುತ್ತಾರೋ ಇಲ್ಲವೋ ಗೊತ್ತಿಲ್ಲ ಗೆಳೆಯರೇ. ದೊಡ್ಡವರಂತೂ ಒಂದು ಬುಗುರಿಗೇ ಹೆದರುತ್ತಾರೆ.